ಬಾಣಂತಿಯ ಅನ್ನ, ಕೂಸಿನ ಎದೆ

ಗದಗ-ಬೆಟಗೇರಿಯ ಓಣಿಗಳಲ್ಲಾಗಲಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಸುತ್ತಣ ಹಳ್ಳಿಗಳಲ್ಲಾಗಲಿ, ಚೊಚ್ಚಲ ಹೆರಿಗೆಗೆಂದು ಮಗಳು ತವರಿಗೆ ಬಂದಳೆಂದರೆ ಆ ಮನೆಯ ದಿನಚರಿಯೇ ಬದಲಾಗುತ್ತದೆ. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಕೆಂಡ ಆರುವಂತಿಲ್ಲ. ಕಿವಿಗೆ ಅರಿವೆ ಕಟ್ಟದೆ ಅವಳು ಹೊರಗೆ ತಲೆಹಾಕುವಂತಿಲ್ಲ. ಅವಳ ತಟ್ಟೆಯ ಮೇಲಂತೂ ಹಿರಿಯರ ಕಣ್ಣು ಸದಾ ಕಾವಲಾಗಿರುತ್ತದೆ. ಬೇಳೆ ವಾಯು, ಕಾಯಿಪಲ್ಯ ಶೀತ, ಹಣ್ಣು ನೆಗಡಿಗೆ ಮೂಲ, ಶೇಂಗಾ ಪಿತ್ತ. ಹೀಗೆ ಒಂದೊಂದೇ ಪದಾರ್ಥ ತಟ್ಟೆಯಿಂದ ಇಳಿದುಹೋಗುತ್ತದೆ. ಕೊನೆಗೆ ಉಳಿಯುವುದು ಮಲ್ಲಿಗೆಯಂಥ ಬಿಳಿಯ ಅನ್ನ, ಒಂದು ಚಮಚ ತುಪ್ಪ, ಮೆಣಸು-ಬೆಳ್ಳುಳ್ಳಿಯ ಸಾರು. ಎಲ್ಲ ಮನೆಗಳಲ್ಲಿಯೂ ಪಥ್ಯ ಒಂದೇ ತೆರನಾಗಿಲ್ಲ. ಆದರೆ ಎಲ್ಲಿ ಅದು ಬಿಗಿಯೋ ಅಲ್ಲಿ ಈ ಬಿಗಿಯೇ ಅಕ್ಕರೆಯ ಅಳತೆಗೋಲು. ಮಗಳ ಮೈ ಕಾಯಬೇಕು, ಕೂಸಿಗೆ ಹಾಲು ನಂಜಾಗಬಾರದು, ಇಷ್ಟೇ ಹಿರಿಯರ ಹಂಬಲ.

ಕೂಸು ಚೆನ್ನಾಗಿಯೇ ಬೆಳೆಯುತ್ತದೆ. ಕೈಕಾಲು ತುಂಬಿಕೊಂಡು, ಮುಖ ನೋಡಿ ನಗಲು ಕಲಿಯುತ್ತದೆ. ಎರಡೋ ಮೂರೋ ತಿಂಗಳಾದಾಗ ಒಂದು ಸಂಜೆ ಕಾರಣವಿಲ್ಲದೆ ಅಳಲು ತೊಡಗುತ್ತದೆ. ಮೊಲೆ ಹಿಡಿಯಲೊಲ್ಲದು, ಕುಡಿದುದನ್ನು ಕಕ್ಕುತ್ತದೆ. ಇರುಳು ಕಳೆಯುವುದರೊಳಗೆ ಅಳುವಿನ ದನಿ ಒಡೆಯುತ್ತದೆ. ಬಾಯಿ ತೆರೆದಿದೆ, ಮುಖ ಕಿವುಚಿದೆ, ಆದರೆ ಸದ್ದಿಲ್ಲ. ಉಸಿರು ಏದುತ್ತದೆ, ಮೈ ತಣ್ಣಗಾಗುತ್ತದೆ. ದೃಷ್ಟಿ ತೆಗೆಯುವುದು, ಅಂತ್ರ ಕಟ್ಟಿಸುವುದು, ವಾಹನ ಹುಡುಕುವುದು, ಇಷ್ಟರಲ್ಲಿ ಹೊತ್ತು ಜಾರುತ್ತದೆ. ಹಿಂದಿನ ದಿನ ನಗುತ್ತಿದ್ದ ಕೂಸು ಮರುದಿನ ಇಲ್ಲವಾದಾಗ ಮನೆಯವರು ಅದನ್ನು ಬಾಲಗ್ರಹವೆಂದು ಕರೆದು ವಿಧಿಗೆ ತಲೆಬಾಗುತ್ತಾರೆ.

ಆದರೆ ಇಂಥ ಕೂಸುಗಳಲ್ಲಿ ಕೆಲವನ್ನು ಕೊಂಡೊಯ್ಯುವುದು ಗ್ರಹವಲ್ಲ, ಹೃದಯದ ಒಂದು ರೋಗ. ಅದು ಎಷ್ಟು ಉಗ್ರವೋ ಅಷ್ಟೇ ಸುಲಭವಾಗಿ ಗುಣವಾಗತಕ್ಕುದು. ಕಾರಣವನ್ನು ಗುರುತಿಸಿ ಹೊತ್ತಿಗೆ ಸರಿಯಾಗಿ ಒಂದು ಅಗ್ಗದ ಮದ್ದನ್ನು ಚುಚ್ಚಿದರೆ, ಸೋತು ನಿಲ್ಲಲಿದ್ದ ಹೃದಯ ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಳ್ಳತೊಡಗುತ್ತದೆ.

ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ

ಗದಗಿನಿಂದ ಹುಬ್ಬಳ್ಳಿಗೆ ಸುಮಾರು ಅರುವತ್ತು ಕಿಲೋಮೀಟರು. ೧೯೫೭ರಲ್ಲಿ ವೈದ್ಯಕೀಯ ಕಾಲೇಜಾಗಿ ಆರಂಭವಾಗಿ, ಮುಂದೆ 'ಕಿಮ್ಸ್' ಎಂದು ಜನಜನಿತವಾದ ಅಲ್ಲಿಯ ಸರಕಾರಿ ಆಸ್ಪತ್ರೆ ಉತ್ತರ ಕರ್ನಾಟಕದ ಬಡವರ ಕೊನೆಯ ಆಸರೆ. ಅದರ ಮಕ್ಕಳ ವಿಭಾಗದ ವೈದ್ಯರು ಇಂಥ ಎಳೆಗೂಸುಗಳನ್ನು ಲಕ್ಷ್ಯವಿಟ್ಟು ಪರೀಕ್ಷಿಸಿ, ತಮ್ಮ ಅನುಭವವನ್ನು ಪ್ರಕಟಿಸಿದರು. ಅವರು ರೋಗಕ್ಕೆ ಕೊಟ್ಟ ಹೆಸರು ಹೊಸದಲ್ಲ. ಪಠ್ಯಪುಸ್ತಕಗಳಲ್ಲಿ ಹಳೆಯದಾಗಿ, ಅಳಿದುಹೋಯಿತೆಂದು ಹಲವರು ನಂಬಿದ್ದ 'ಬೆರಿಬೆರಿ'ಯೇ ಅದು, ಎಳೆಗೂಸುಗಳ ಬೆರಿಬೆರಿ.

೨೦೨೧ರಲ್ಲಿ ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಸಂಸ್ಥೆಯ ವೈದ್ಯರ ಇನ್ನೊಂದು ಅಧ್ಯಯನ ಹೊರಬಂತು. ತಾಯಿಯ ಹಾಲನ್ನೇ ಕುಡಿಯುತ್ತಿದ್ದ ಎಳೆಗೂಸುಗಳು ಒಮ್ಮೆಲೇ ಏದುಸಿರಿನಿಂದ ಬಳಲಿ ಆಸ್ಪತ್ರೆಗೆ ಬರುತ್ತಿದ್ದವು. ಎಕೋ ಯಂತ್ರದಿಂದ ನೋಡಿದರೆ ಹೃದಯದ ರಚನೆಯಲ್ಲಿ ದೋಷವಿಲ್ಲ, ರಂಧ್ರವಿಲ್ಲ. ಆದರೆ ಶ್ವಾಸಕೋಶಗಳಿಗೆ ರಕ್ತವನ್ನು ನೂಕುವ ಬಲಭಾಗ ಮಾತ್ರ ಊದಿ, ಮಿಡಿಯುವ ಕಸುವನ್ನೇ ಕಳೆದುಕೊಂಡಿದೆ. ವೈದ್ಯರು ತಾಯಂದಿರನ್ನು ಕೂರಿಸಿ ಅವರ ಊಟವನ್ನು ವಿಚಾರಿಸಿದರು. ದೊರೆತ ಉತ್ತರ ಪಾಲಿಷ್ ಮಾಡಿದ ಅಕ್ಕಿಯ ಅನ್ನ ಮತ್ತು ಬಿಗಿಯಾದ ಪಥ್ಯ. ಕೂಸುಗಳಿಗೆ ಥಯಾಮಿನ್ ಎಂಬ ಜೀವಸತ್ತ್ವದ ಚುಚ್ಚುಮದ್ದನ್ನು ಕೊಡಲಾಯಿತು. ಬಹುಮಟ್ಟಿನ ಕೂಸುಗಳು ಬೇಗನೆ ಚೇತರಿಸಿಕೊಂಡವು. ಊದಿದ ಹೃದಯ ತನ್ನ ಮೊದಲಿನ ಅಳತೆಗೆ ಮರಳಿತು.

ತಾಯಿಯನ್ನು ನೋಡಿದರೆ ರೋಗಿಯೆಂದು ಯಾರೂ ಹೇಳುವಂತಿರುವುದಿಲ್ಲ. ಹೆಚ್ಚೆಂದರೆ ಅಂಗಾಲು ಜೋಮು ಹಿಡಿಯುವುದು, ಕೂತಲ್ಲಿಂದ ಏಳಲು ಪ್ರಯಾಸ, ಇಷ್ಟು ಇರಬಹುದು. ಅದನ್ನು ಬಾಣಂತಿಯ ಸಹಜ ನಿಶ್ಶಕ್ತಿಯೆಂದು ತಳ್ಳಿಹಾಕುತ್ತಾರೆ. ಹಾಲೂ ಹೇರಳವಾಗಿಯೇ ಇರುತ್ತದೆ; ಆ ಹಾಲಿನಲ್ಲಿ ಇರಬೇಕಾದ ಒಂದು ಕಣವಷ್ಟೇ ಇರುವುದಿಲ್ಲ.

ಹಡಗು, ಕೋಳಿ, ಮತ್ತು ತೌಡು

ಆ ಕಣದ ಶೋಧ ವೈದ್ಯಶಾಸ್ತ್ರದ ಅತ್ಯಂತ ರೋಚಕ ಕಥೆಗಳಲ್ಲಿ ಒಂದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಪಾನಿನ ನೌಕಾಪಡೆ ಶತ್ರುವಿಗಿಂತ ಹೆಚ್ಚಾಗಿ ಬೆರಿಬೆರಿಗೆ ಹೆದರುತ್ತಿತ್ತು. ೧೮೮೨-೮೩ರಲ್ಲಿ ದೂರಯಾನ ಮಾಡಿದ 'ರ್‍ಯುಜೋ' ಎಂಬ ಹಡಗಿನ ೩೭೬ ಮಂದಿಯಲ್ಲಿ ೧೬೯ ಮಂದಿಗೆ ಈ ರೋಗ ತಗುಲಿ, ೨೫ ಮಂದಿ ಸತ್ತರು. ತಕಾಕಿ ಕನೆಹಿರೊ ಎಂಬ ನೌಕಾವೈದ್ಯ ೧೮೮೪ರಲ್ಲಿ 'ತ್ಸುಕುಬಾ' ಎಂಬ ಇನ್ನೊಂದು ಹಡಗನ್ನು ಅದೇ ಮಾರ್ಗದಲ್ಲಿ ಕಳಿಸಿದ. ಆದರೆ ಬಿಳಿಯ ಅನ್ನವನ್ನು ಕಡಿಮೆ ಮಾಡಿ ಮಾಂಸ, ಹಾಲು, ರೊಟ್ಟಿಗಳನ್ನು ಕೊಡಿಸಿದ. ಈ ಬಾರಿ ಬೆರಿಬೆರಿಯಿಂದ ಒಬ್ಬನೂ ಸಾಯಲಿಲ್ಲ. ಪುಷ್ಟಿಕರವಾದ ಪ್ರೋಟೀನಿನ ಕೊರತೆಯೇ ರೋಗಕ್ಕೆ ಕಾರಣವೆಂದು ತಕಾಕಿ ನಂಬಿದ್ದ. ಅವನ ತರ್ಕ ತಪ್ಪಾಗಿತ್ತು. ಮದ್ದು ಮಾತ್ರ ಸರಿಯಾಗಿತ್ತು.

ಮುಂದಿನ ಅಂಕ ನಡೆದದ್ದು ಜಾವಾ ದ್ವೀಪದ ಬಟಾವಿಯಾದಲ್ಲಿ, ಕೋಳಿಗೂಡಿನ ಬಳಿ. ಡಚ್ ವೈದ್ಯ ಐಕ್‌ಮನ್ ಪ್ರಯೋಗಕ್ಕೆಂದು ಸಾಕಿದ್ದ ಕೋಳಿಗಳು ಕಾಲಿನ ಬಲಗುಂದಿ ತೂರಾಡತೊಡಗಿದವು. ಕೆಲವು ತಿಂಗಳ ಮೇಲೆ ತಾವಾಗಿಯೇ ನೆಟ್ಟಗಾದವು. ವಿಚಾರಿಸಿದಾಗ ತಿಳಿದದ್ದು ಇಷ್ಟು: ನಡುವೆ ಕೆಲಕಾಲ ಅವುಗಳಿಗೆ ಸೈನಿಕ ಆಸ್ಪತ್ರೆಯ ಅಡಿಗೆಮನೆಯಲ್ಲಿ ಉಳಿದ ಬಿಳಿಯ ಅನ್ನವನ್ನು ಹಾಕುತ್ತಿದ್ದರು. ಹೊಸದಾಗಿ ಬಂದ ಅಡಿಗೆಯವನು, ಸೈನ್ಯದ ಅನ್ನ ಸೈನ್ಯಕ್ಕೆ ಸೇರದ ಕೋಳಿಗಳಿಗೆ ಸಲ್ಲದೆಂದು ಅದನ್ನು ನಿಲ್ಲಿಸಿಬಿಟ್ಟಿದ್ದ. ಮತ್ತೆ ಕೋಳಿಗಳಿಗೆ ಪಾಲಿಷ್ ಆಗದ ಅಕ್ಕಿ ದೊರೆಯಿತು. ಕಾಲಿಗೆ ಬಲ ಬಂತು. ಒಬ್ಬ ಅಡಿಗೆಯವನ ಜಿಪುಣತನದಿಂದ ಒಂದು ಮಹಾಶೋಧಕ್ಕೆ ದಾರಿಯಾಯಿತು. ಬಿಳಿಯ ಅಕ್ಕಿಯಲ್ಲಿ ಏನೋ ವಿಷವಿದೆಯೆಂದು ಐಕ್‌ಮನ್ ಮೊದಲು ಎಣಿಸಿದ್ದ. ವಿಷವಲ್ಲ, ತೌಡಿನೊಡನೆ ಯಾವುದೋ ಅವಶ್ಯ ವಸ್ತು ಹೊರಟುಹೋಗುತ್ತಿದೆಯೆಂದು ೧೯೦೧ರಲ್ಲಿ ತಿಳಿಯಹೇಳಿದವನು ಅವನ ಉತ್ತರಾಧಿಕಾರಿ ಗ್ರೈನ್ಸ್. ೧೯೧೨ರಲ್ಲಿ ಕ್ಯಾಸಿಮಿರ್ ಫಂಕ್ ಇಂಥ ವಸ್ತುಗಳಿಗೆ 'ವಿಟಮಿನ್' ಎಂದು ನಾಮಕರಣ ಮಾಡಿದ. ಕನ್ನಡದಲ್ಲಿ ಅದನ್ನು ಅನ್ನಾಂಗವೆಂದೂ ಜೀವಸತ್ತ್ವವೆಂದೂ ಕರೆಯುವ ರೂಢಿ ಬಂತು. ೧೯೨೯ರಲ್ಲಿ ಐಕ್‌ಮನ್ನನಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಈ ಕಥೆಯಲ್ಲಿ ಭಾರತದ ನೆಲಕ್ಕೂ ಪಾಲುಂಟು. ಆಂಧ್ರದ ನೆಲ್ಲೂರಿನಲ್ಲಿ ಕ್ರೈಸ್ತ ಪಾದ್ರಿಯೊಬ್ಬನ ಮಗನಾಗಿ ೧೮೮೬ರಲ್ಲಿ ಹುಟ್ಟಿದ ರಾಬರ್ಟ್ ವಿಲಿಯಮ್ಸ್ ಮುಂದೆ ರಸಾಯನಶಾಸ್ತ್ರಜ್ಞನಾಗಿ ಮನಿಲಾ ನಗರಕ್ಕೆ ಹೋದ. ಅಲ್ಲಿ ಮೊಲೆಹಾಲು ಕುಡಿಯುವ ಕೂಸುಗಳು ಬೆರಿಬೆರಿಯಿಂದ ಸಾಯುತ್ತಿದ್ದವು. ವೆಡರ್ ಎಂಬ ಸೈನಿಕ ವೈದ್ಯನ ಪ್ರೇರಣೆಯಿಂದ ೧೯೧೦ರ ಸುಮಾರಿಗೆ ವಿಲಿಯಮ್ಸ್ ಅಕ್ಕಿಯ ತೌಡಿನ ಸಾರವನ್ನು ತೆಗೆದ. ಸಾಯುವ ಸ್ಥಿತಿಯ ಕೂಸಿನ ಬಾಯಿಗೆ ಆ ಸಾರವನ್ನು ಹನಿಹನಿಯಾಗಿ ಬಿಟ್ಟಾಗ ಅದು ಕಣ್ಣೆದುರಿಗೇ ಚೇತರಿಸಿತು. ಆ ನೋಟವನ್ನು ಅವನು ಮರೆಯಲಿಲ್ಲ. ತೌಡಿನಲ್ಲಿದ್ದ ಆ ವಸ್ತುವಿನ ಬೆನ್ನು ಹತ್ತಿ ಕಾಲು ಶತಮಾನ ದುಡಿದು, ೧೯೩೬ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ಸಿದ್ಧಪಡಿಸಿದ. ಇಂದು ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಕೂಸಿಗೆ ಚುಚ್ಚುವ ಥಯಾಮಿನ್ ಅದೇ.

೧೯೧೮ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯ ಒಂದು ಸಣ್ಣ ಕೋಣೆಯಲ್ಲಿ ಬೆರಿಬೆರಿಯ ವಿಚಾರಣೆಗೆಂದು ಒಂದು ಘಟಕವನ್ನು ತೆರೆದ. ಅದೇ ಬೆಳೆದು, ೧೯೫೮ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ದೇಶದ ಆಹಾರವಿಜ್ಞಾನದ ಮೂಲವೇ ಈ ರೋಗದ ಚಿಂತೆಯಲ್ಲಿದೆ.

ಕಟ್ಟಿಗೆಯಿದೆ, ಕಿಡಿಯಿಲ್ಲ

ಹೃದಯವೇ ಏಕೆ ಸೋಲಬೇಕು? ನಾವು ಉಣ್ಣುವ ಅನ್ನ ಮೈಯಲ್ಲಿ ಸಕ್ಕರೆಯಾಗಿ ಕರಗುತ್ತದೆ. ಆ ಸಕ್ಕರೆಯನ್ನು ಪ್ರತಿಯೊಂದು ಜೀವಕೋಶವೂ ಉರಿಸಿ ಶಕ್ತಿಯನ್ನು ಪಡೆಯಬೇಕು. ಈ ಉರಿಯುವಿಕೆಯ ಮುಖ್ಯವಾದ ಒಂದೆರಡು ಮೆಟ್ಟಿಲುಗಳಲ್ಲಿ ಥಯಾಮಿನ್ ಕಿಡಿಯ ಕೆಲಸ ಮಾಡುತ್ತದೆ. ಅದಿಲ್ಲದಾಗ ಒಲೆಯ ತುಂಬ ಕಟ್ಟಿಗೆಯಿದ್ದೂ ಉರಿಯಿಲ್ಲ, ಬರಿಯ ಹೊಗೆ. ಅರ್ಧಕ್ಕೆ ನಿಂತ ಸಕ್ಕರೆ ಲ್ಯಾಕ್ಟಿಕ್ ಆಮ್ಲವಾಗಿ ರಕ್ತವನ್ನು ಹುಳಿಯಾಗಿಸುತ್ತದೆ. ಕೈಕಾಲಿನ ಸ್ನಾಯುಗಳಿಗೆ ವಿಶ್ರಾಂತಿಯುಂಟು. ಎಳೆಗೂಸಿನ ಹೃದಯವಾದರೋ ಮಿನಿಟಿಗೆ ನೂರಕ್ಕೂ ಮಿಕ್ಕಿ ಮಿಡಿಯುತ್ತ, ಕ್ಷಣವೂ ಬಿಡುವಿಲ್ಲದೆ ದುಡಿಯಬೇಕು. ಆದುದರಿಂದ ಶಕ್ತಿಯ ಬರ ಬಂದಾಗ ಮೊದಲು ಕುಸಿಯುವ ಅಂಗಗಳಲ್ಲಿ ಅದೂ ಒಂದು. ಗಂಟಲಿನ ನರ ಸೋತಾಗ ಅಳುವಿನ ದನಿ ಅಡಗುತ್ತದೆ.

ಥಯಾಮಿನ್ನನ್ನು ಮೈಯಲ್ಲಿ ಕೂಡಿಡುವಂತಿಲ್ಲ. ದೊಡ್ಡವರ ದೇಹದಲ್ಲಿಯೂ ಅದರ ಸಂಗ್ರಹ ಮೂವತ್ತು ಮಿಲಿಗ್ರಾಂಗಳನ್ನು ಮೀರದು. ಊಟದಿಂದ ಬರುವುದು ನಿಂತರೆ ಎರಡು-ಮೂರು ವಾರಗಳಲ್ಲಿ ಬರಿದಾಗುತ್ತದೆ. ತಾಯಿ ಉಂಡುದರಲ್ಲಿ ಇದ್ದರಷ್ಟೇ ಹಾಲಿನಲ್ಲಿ ಅದು ಇಳಿಯುತ್ತದೆ. ಇಂಥ ಕೂಸಿಗೆ ಬಳಲಿಕೆಯೆಂದು ಬರಿಯ ಗ್ಲೂಕೋಸನ್ನು ಏರಿಸಿದರೆ ಕಿಡಿಯಿಲ್ಲದ ಒಲೆಗೆ ಮತ್ತಷ್ಟು ಕಟ್ಟಿಗೆ ತುರುಕಿದಂತಾಗಿ ಸ್ಥಿತಿ ಬಿಗಡಾಯಿಸಬಹುದು. ನ್ಯುಮೋನಿಯ, ರಕ್ತದ ನಂಜು ಮೊದಲಾದವೂ ಇದೇ ವೇಷದಲ್ಲಿ ಬರುವುದರಿಂದ, ಅನುಮಾನ ಬಾರದ ಹೊರತು ರೋಗ ಪತ್ತೆಯಾಗುವುದು ಕಷ್ಟ. ರಕ್ತದಲ್ಲಿ ಥಯಾಮಿನ್ನಿನ ಅಳತೆಯನ್ನು ಪರೀಕ್ಷಿಸುವ ಸೌಕರ್ಯ ಎಲ್ಲ ಊರುಗಳಲ್ಲಿಲ್ಲ. ಇದ್ದರೂ ಫಲಿತಾಂಶ ಬರುವವರೆಗೆ ಕೂಸು ಕಾಯಲಾರದು. ಆದುದರಿಂದ ಬಲ್ಲ ವೈದ್ಯರು ಅನುಮಾನ ಬಂದೊಡನೆ ಚುಚ್ಚುಮದ್ದನ್ನು ಕೊಟ್ಟೇಬಿಡುತ್ತಾರೆ. ಮದ್ದೇ ಮದ್ದು, ಮದ್ದೇ ಪರೀಕ್ಷೆ.

ಜೋಳದ ನಾಡಿನ ವಿಪರ್ಯಾಸ

ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ 'ಕವಿರಾಜಮಾರ್ಗ' ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಇಂದಿನ ಲಕ್ಷ್ಮೇಶ್ವರವೇ ಆ ಪುಲಿಗೆರೆ. ಭಾಷೆಯಲ್ಲಿ ಸಿಪ್ಪೆ ಕಳೆದು ತಿರುಳನ್ನು ಹುಡುಕುವುದು ಜಾಣತನ. ಧಾನ್ಯದಲ್ಲಿ ಮಾತ್ರ ಈ ನ್ಯಾಯ ತಲೆಕೆಳಗು. ಅಕ್ಕಿಯ ತಿರುಳೆಲ್ಲ ಹಿಟ್ಟು. ಪ್ರಾಣ ಹೊರಗಿನ ತೌಡಿನ ಪದರದಲ್ಲಿ ಮತ್ತು ಮೊಳಕೆಯಲ್ಲಿದೆ. ಗಿರಣಿ ಉಜ್ಜಿ ಬೆಳ್ಳಗಾಗಿಸುವುದು ಅದನ್ನೇ.

ಈ ಸೀಮೆಯ ಎರೆಯ ಹೊಲಗಳ ಹಿಂಗಾರಿ ಬೆಳೆ ಜೋಳ. ನೂರು ಗ್ರಾಂ ಜೋಳದಲ್ಲಿ ಸುಮಾರು ೦.೩೫ ಮಿಲಿಗ್ರಾಂ ಥಯಾಮಿನ್ ಇದೆ. ಪಾಲಿಷ್ ಆದ ಅಕ್ಕಿಯಲ್ಲಿ ಸುಮಾರು ೦.೦೫. ಏಳು ಪಾಲಿನ ಅಂತರ. ಮೊಲೆಯೂಡುವ ತಾಯಿಗೆ ದಿನಕ್ಕೆ ಒಂದೂವರೆ ಮಿಲಿಗ್ರಾಮಿನಷ್ಟಾದರೂ ಬೇಕು. ನಾಲ್ಕುನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಹೆಚ್ಚುಕಡಿಮೆ ಅಷ್ಟೂ ಬಂದುಬಿಡುತ್ತದೆ; ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಏಳನೆಯ ಒಂದು ಪಾಲೂ ಇಲ್ಲ. ಅದರ ಮೇಲೆ ನಾಲ್ಕಾರು ಸಲ ತೊಳೆದು, ಗಂಜಿ ಬಸಿದರೆ, ನೀರಿನಲ್ಲಿ ಕರಗುವ ಗುಣವುಳ್ಳ ಆ ಅಲ್ಪಸ್ವಲ್ಪವೂ ಬಚ್ಚಲಿಗೆ ಹೋಗುತ್ತದೆ. ಹೆಸರುಬೇಳೆ, ಮಡಕಿಕಾಳು, ಕಡಲೆ, ಶೇಂಗಾ, ಇವೆಲ್ಲ ಥಯಾಮಿನ್ನಿನ ಉಗ್ರಾಣಗಳು. ಪಥ್ಯದ ಹೆಸರಿನಲ್ಲಿ ಮೊದಲು ಮನೆಯಿಂದಾಚೆ ಹೋಗುವವೂ ಇವೇ. ಊಟದ ಮೇಲೆ ಮೆಲ್ಲುವ ಅಡಿಕೆ, ಗಳಿಗೆಗೊಮ್ಮೆ ಕುಡಿಯುವ ಚಹ, ಇವುಗಳ ಒಗರೂ ಥಯಾಮಿನ್ನಿಗೆ ವೈರಿ.

ವಿಪರ್ಯಾಸವೆಂದರೆ ಇದು: ದಿನವೂ ರೊಟ್ಟಿ ತಿನ್ನುತ್ತಿದ್ದ ಸೊಸೆಗೆ ರೊಟ್ಟಿ ಬಿಡಿಸಿ ಅನ್ನವಿಕ್ಕುವುದು ಬಡತನದಿಂದಲ್ಲ, ಮಮತೆಯಿಂದ. ರೊಟ್ಟಿ ಒರಟು, ಅನ್ನ ಹಗುರು. ಹಿಂದೆ ಈ ಸೀಮೆಯಲ್ಲಿ ಅಕ್ಕಿ ಹಬ್ಬದ ಊಟ, ಉಳ್ಳವರ ಊಟ. ಆ ಗೌರವವನ್ನು ಬಾಣಂತಿಗೆ ಮೀಸಲಿಡುವುದರಲ್ಲಿ ಹಿರಿಯರ ಉದಾರತೆಯೇ ಕಾಣುತ್ತದೆ. ಲಾವೋಸ್ ದೇಶದಲ್ಲಿಯೂ ಹೆರಿಗೆಯ ಬಳಿಕ ಅನ್ನದ ಹೊರತು ಹೆಚ್ಚೇನನ್ನೂ ಕೊಡದ ಪಥ್ಯವುಂಟು. ಅಲ್ಲಿಯೂ ಕೂಸುಗಳ ಬೆರಿಬೆರಿ ಉಳಿದುಕೊಂಡಿದೆ. ದಕ್ಷಿಣ ಕನ್ನಡದ ಕರಾವಳಿಯವರು ಅನ್ನವನ್ನೇ ಉಣ್ಣುವವರಾದರೂ ಅವರದು ಕುಚ್ಚಲಕ್ಕಿ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಸತ್ತ್ವ ಕಾಳಿನ ಒಳಕ್ಕೆ ಇಳಿಯುವುದರಿಂದ, ಆಮೇಲೆ ಗಿರಣಿಗೆ ಕೊಟ್ಟರೂ ಅದರಲ್ಲಿ ಬಿಳಿಯ ಅಕ್ಕಿಗಿಂತ ಹೆಚ್ಚು ಥಯಾಮಿನ್ ಉಳಿಯುತ್ತದೆ.

ಹಾಗೆಂದು ಹಿರಿಯರ ಬಾಣಂತನವೆಲ್ಲ ಅಜ್ಞಾನವೆಂದು ಜರೆಯುವುದು ಅನ್ಯಾಯ. ಅಂಟಿನ ಉಂಡೆ, ಅಳ್ವಿಯ ಪಾಯಸ, ಎಳ್ಳು, ಸಬ್ಬಸಿಗಿಯ ಪಲ್ಯ, ಬೆಳ್ಳುಳ್ಳಿ ಇವೆಲ್ಲ ಅದೇ ಅಜ್ಜಿಯಂದಿರ ಕೊಡುಗೆಯೇ. ವಿಶ್ರಾಂತಿ, ಬಿಸಿನೀರು, ತವರಿನ ನೆರಳು, ಇವನ್ನು ಯಾವ ವೈದ್ಯನೂ ಅಲ್ಲಗಳೆಯುವುದಿಲ್ಲ. ಕೊಡುವ ಪಟ್ಟಿಯಲ್ಲಿ ದೋಷವಿಲ್ಲ, ಬಿಡಿಸುವ ಪಟ್ಟಿಯಲ್ಲಿದೆ.

ಮರಳಿ ಬರುವ ಹೃದಯಗಳು

ಹೃದಯದ ಸ್ನಾಯು ಒಮ್ಮೆ ಕೆಟ್ಟರೆ ಕೆಟ್ಟಂತೆಯೇ ಎಂಬುದು ಸಾಮಾನ್ಯ ನಂಬಿಕೆ. ಹಲವು ರೋಗಗಳಲ್ಲಿ ಅದು ನಿಜವೂ ಹೌದು. ಆದರೆ ಮೂಲಕಾರಣವನ್ನು ಕಿತ್ತರೆ ಚೇತರಿಸುವ ಹೃದಯಗಳು ದೊಡ್ಡವರಲ್ಲಿಯೂ ಇವೆ. ಥೈರಾಯಿಡ್ ಗ್ರಂಥಿಯ ಅತಿರೇಕದಿಂದ ಬಳಲಿದ ಹೃದಯ ಆ ಗ್ರಂಥಿಯನ್ನು ಹದಕ್ಕೆ ತಂದಾಗ ಸುಧಾರಿಸುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಅತಿವೇಗದಿಂದ ಓಡಿ ದಣಿದ ಹೃದಯ, ವೇಗವನ್ನು ತಗ್ಗಿಸಿದರೆ ಕಸುವು ಪಡೆಯುತ್ತದೆ. ಕುಡಿತದಿಂದ ಹಿಗ್ಗಿದ ಹೃದಯ ಕುಡಿತವನ್ನು ಪೂರ್ತಿ ಬಿಟ್ಟಾಗ ಎಷ್ಟೋ ಸಲ ಕುಗ್ಗುತ್ತದೆ. ಬಿಸಿಲು ಕಾಣದೆ ಬೆಳೆದ ಕೂಸುಗಳಲ್ಲಿ ಡಿ ಜೀವಸತ್ತ್ವವೂ ಸುಣ್ಣದ ಅಂಶವೂ ತಗ್ಗಿ ಹೃದಯ ಸೋಲುವುದುಂಟು. ಅವನ್ನು ತುಂಬಿಕೊಟ್ಟರೆ ಅದೂ ಮರಳುತ್ತದೆ. ಇವೆಲ್ಲಕ್ಕೆ ವಾರಗಳೋ ತಿಂಗಳುಗಳೋ ಬೇಕು. ಗಂಟೆಗಳ ಲೆಕ್ಕದಲ್ಲಿ ತಿರುಗಿಬರುವ ಬೆರಿಬೆರಿಯ ಹೃದಯಕ್ಕೆ ಸಾಟಿಯಾದುದು ವಿರಳ. ಅಷ್ಟೇ ವಿರಳ ಅದರ ಅವಸರ. ಜಪಾನೀಯರು 'ಶೋಶಿನ್' ಎಂದು ಕರೆದ ಅದರ ಉಗ್ರರೂಪ ಕೆಲವೇ ಗಂಟೆಗಳಲ್ಲಿ ಪ್ರಾಣವನ್ನೂ ಒಯ್ಯಬಲ್ಲುದು.

ಮನೆಯವರು ಮಾಡಬೇಕಾದುದು

ಆರು ತಿಂಗಳೊಳಗಿನ ಕೂಸು ಮೊಲೆ ಬಿಟ್ಟು, ಮತ್ತೆ ಮತ್ತೆ ಕಕ್ಕಿ, ಎಡೆಬಿಡದೆ ಅತ್ತು, ದನಿ ಒಡೆದು, ಏದುಸಿರು ಬಿಡತೊಡಗಿದರೆ, ಬೆಳಗಾಗಲೆಂದು ಕಾಯಬಾರದು. ಗದಗು ಜಿಲ್ಲೆಗೆ ಈಗ ತನ್ನದೇ ಆದ ಸರಕಾರಿ ವೈದ್ಯಕೀಯ ಸಂಸ್ಥೆಯುಂಟು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಲ್ಲಿ ಸರಕಾರಿ ಆಸ್ಪತ್ರೆಗಳಿವೆ. ವೈದ್ಯರ ಮುಂದೆ ಕೂಸಿನ ಸಂಕಟವನ್ನಷ್ಟೇ ಅಲ್ಲ, ತಾಯಿ ಏನನ್ನು ಉಣ್ಣುತ್ತಿದ್ದಾಳೆಂಬುದನ್ನೂ ಹೇಳಬೇಕು. ಆ ಒಂದು ಮಾತು ವೈದ್ಯರ ಅನುಮಾನವನ್ನು ಸರಿಯಾದ ದಾರಿಗೆ ಹೊರಳಿಸಬಲ್ಲುದು. ಮನೆಯಲ್ಲಿಯೇ ಮದ್ದು ಮಾಡಲು ಹೊರಡಬಾರದು. ಇವೇ ಲಕ್ಷಣಗಳ ಹಿಂದೆ ಬೇರೆ ರೋಗವೂ ಇರಬಹುದು. ಕೂಸು ಬದುಕಿದೊಡನೆ ಕೆಲಸ ಮುಗಿಯಲೂ ಇಲ್ಲ. ತಾಯಿಗೂ ಥಯಾಮಿನ್ ಕೊಡಿಸಿ, ಅವಳ ತಟ್ಟೆಯನ್ನು ಸರಿಪಡಿಸದಿದ್ದರೆ ಅದೇ ಹಾಲು ಅದೇ ಸಂಕಟವನ್ನು ಮತ್ತೆ ತರಬಹುದು. ಎದೆಹಾಲನ್ನು ಬಿಡಿಸುವುದು ಮಾತ್ರ ಪರಿಹಾರವಲ್ಲ. ಹಾಲಿಗಿಂತ ಮಿಗಿಲಾದ ಆಹಾರ ಕೂಸಿಗೆ ಇಲ್ಲ; ತಾಯಿ ಉಂಡರೆ ಹಾಲು ತಾನೇ ತುಂಬುತ್ತದೆ.

ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ರಾಜ್ಯದಲ್ಲಿ ಆರಂಭವಾದದ್ದು ೨೦೧೭ರಲ್ಲಿ. ಆದರೆ ಹಸಿಬಾಣಂತಿ ಹೊಸ್ತಿಲು ದಾಟಬಾರದೆಂಬ ರೂಢಿಯಿರುವಲ್ಲಿ ಅಂಗನವಾಡಿಯ ಊಟ ಅವಳ ಕೈಗೆ ಎಟುಕುವುದು ಸುಲಭವಲ್ಲ. ಕೊನೆಗೂ ತೀರ್ಮಾನವಾಗುವುದು ಮನೆಯ ಒಲೆಯ ಮುಂದೆ, ಅತ್ತೆಯ ಅಥವಾ ತಾಯಿಯ ಕೈಯಲ್ಲಿ.

ಆ ಕೈ ಹೆಚ್ಚಿನದೇನನ್ನೂ ಮಾಡಬೇಕಾಗಿಲ್ಲ. ಬಿಸಿಯ ಜೋಳದ ರೊಟ್ಟಿಯನ್ನೋ ನುಚ್ಚನ್ನೋ ಮೆತ್ತಗೆ ಮಾಡಿ ಇಕ್ಕಿದರೆ ಸಾಕು. ಹೆಸರುಬೇಳೆಯ ತೊವ್ವೆಯನ್ನೂ ಒಂದು ಹಿಡಿ ಪಲ್ಯವನ್ನೂ ಸೇರಿಸಿದರೆ ಸಾಕು. ಅವೆಲ್ಲ ಹೊಲದಲ್ಲಿಯೂ ಸಂತೆಯಲ್ಲಿಯೂ ಇರುವ ಪದಾರ್ಥಗಳೇ. ಜಪಾನಿನ ಹಡಗು, ಜಾವಾದ ಕೋಳಿಗೂಡು, ಮನಿಲಾದ ತೊಟ್ಟಿಲುಗಳನ್ನು ಸುತ್ತಿ ವಿಜ್ಞಾನ ಕಂಡುಕೊಂಡ ಮದ್ದು, ಎರೆಹೊಲದ ಜೋಳದ ತೆನೆಯಲ್ಲಿ ಮೊದಲಿನಿಂದಲೂ ಇತ್ತು. ಬಾಣಂತಿಯ ತಟ್ಟೆಗೆ ಅದು ಮರಳಿದರೆ ಆ ಮನೆಯ ತೊಟ್ಟಿಲಲ್ಲಿ ಅಳುವೂ ಕೇಳಿಸುತ್ತದೆ, ನಗುವೂ ಕೇಳಿಸುತ್ತದೆ.